ವೈದ್ಯಕೀಯ ಸೀಟಿನ ವ್ಯಾಪಾರ ಮತ್ತು ಅಚೌರ್ಯಾಣುವ್ರತ

1992ರ ಜುಲೈ 30ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪೊಂದು ಭಾರತದ ಶಿಕ್ಷಣ ಕ್ಷೇತ್ರದಲ್ಲಿ ‘ಮೋಹಿನಿ ಜೈನ್ ಪ್ರಕರಣ’ವೆಂದೇ ಹೆಸರಾಗಿದೆ. ಮೀರತ್ ನಗರದ ವಿದ್ಯಾರ್ಥಿನಿಯೊಬ್ಬಳು 1991ರಲ್ಲಿ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದನ್ನು ಸೇರಬಯಸಿದಳು. ಕರ್ನಾಟಕ ಸರ್ಕಾರದ 1989ರ ಜೂನ್ 5ರ ಅಧಿಸೂಚನೆಯಂತೆ ಇಂತಹ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ ರೂ. 2,000, ರಾಜ್ಯದ ಇತರ ವಿದ್ಯಾರ್ಥಿಗಳಿಗೆ ರೂ. 25,000, ಹೊರರಾಜ್ಯದವರಿಗೆ ರೂ. 60,000 ಶುಲ್ಕ ನಿಗದಿಯಾಗಿತ್ತು. ಅಷ್ಟು ಹಣವನ್ನು ತೆರುವ ಶಕ್ತಿ ಆಕೆಯ ತಂದೆಗೆ ಇರಲಿಲ್ಲ. ಒಂದೇ ಕೊಠಡಿ, ಒಂದೇ ಪಾಠ, ಒಂದೇ ಪದವಿ. ಬೆಲೆ ಮಾತ್ರ ಮೂರು. ವಿದ್ಯೆಯನ್ನು ಹೀಗೆ ಮಾರುವುದು ಸಂವಿಧಾನಕ್ಕೆ ವಿರುದ್ಧವೆಂದು ನ್ಯಾಯಾಲಯವು ಸ್ಪಷ್ಟವಾಗಿ ಸಾರಿತು.

ಈ ಪ್ರಕರಣದಲ್ಲಿ ಹೆಚ್ಚು ಜನ ಗಮನಿಸದ ಸಂಗತಿಯೊಂದಿದೆ. ತೀರ್ಪು ಆಕೆಯ ಹೆಸರಿನಲ್ಲಿ ಬಂದರೂ ಸೀಟು ಆಕೆಗೆ ದೊರೆಯಲಿಲ್ಲ. ಪ್ರವೇಶವು ಅರ್ಹತೆಯ ಪಟ್ಟಿಯ ಮೂಲಕ ನಡೆದಿರಲಿಲ್ಲ, ತರಗತಿಗಳೂ ಬಹಳ ಹಿಂದೆಯೇ ಆರಂಭವಾಗಿದ್ದುವು. ಆದಕಾರಣ ಆಕೆಯನ್ನು ಸೇರಿಸಿಕೊಳ್ಳಬೇಕೆಂದು ಆದೇಶಿಸಲು ನ್ಯಾಯಾಲಯವು ಒಪ್ಪಲಿಲ್ಲ. ‘ಜೈನ್’ ಎಂಬ ಹೆಸರು ಹೀಗೆ ಕ್ಯಾಪಿಟೇಷನ್ ಶುಲ್ಕದ ವಿರುದ್ಧದ ಹೋರಾಟಕ್ಕೆ ಶಾಶ್ವತವಾಗಿ ಅಂಟಿಕೊಂಡಿತು.

ಮೂರು ದಶಕಗಳ ಅನಂತರ, ಆ ಹೆಸರನ್ನು ಹೊತ್ತ ಸಮಾಜವು ಇಂದು ಎಲ್ಲಿ ನಿಂತಿದೆ? ಅನ್ಯಾಯವನ್ನು ಪ್ರಶ್ನಿಸುವವರ ಸಾಲಿನಲ್ಲಿಯೋ, ಅಥವಾ ಹಣದ ಚೀಲ ಹಿಡಿದು ಗಲ್ಲಾಪೆಟ್ಟಿಗೆಯ ಮುಂದೆ ನಿಂತವರ ಸಾಲಿನಲ್ಲಿಯೋ? ಹೊಸಪೇಟೆ, ಸಂಡೂರು, ಕಂಪ್ಲಿಯಂತಹ ಊರುಗಳ ಪ್ರತಿಯೊಂದು ಶ್ರಾವಕ ಕುಟುಂಬವೂ, ಪ್ರತಿಯೊಂದು ಬಸದಿ ಹಾಗೂ ಮಂದಿರದ ಟ್ರಸ್ಟೂ ಈ ಪ್ರಶ್ನೆಯನ್ನು ಎದುರಿಸಲೇಬೇಕಾಗಿದೆ.

ಕಾಯಿದೆ ನಡೆದು ಬಂದ ದಾರಿ

ಕಾಯಿದೆಗಳ ಕೊರತೆಯಿಂದ ಈ ವ್ಯಾಪಾರ ಉಳಿದಿದೆ ಎಂದು ಯಾರೂ ಹೇಳುವಂತಿಲ್ಲ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ಕರ್ನಾಟಕವು 1984ರಲ್ಲಿಯೇ ಮಾಡಿತು. 1993ರ ಉನ್ನಿಕೃಷ್ಣನ್ ತೀರ್ಪು ಉಚಿತ ಸೀಟು, ಶುಲ್ಕದ ಸೀಟು ಎಂಬ ವಿಭಜನೆಯನ್ನು ತಂದಿತು. 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠವು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ ಆ ಯೋಜನೆಯನ್ನು ತೆಗೆದುಹಾಕಿತಾದರೂ ಕ್ಯಾಪಿಟೇಷನ್ ಶುಲ್ಕಕ್ಕೆ ಸಮ್ಮತಿ ನೀಡಲಿಲ್ಲ. 2005ರ ಇನಾಮದಾರ್ ತೀರ್ಪು ಅದನ್ನೇ ದೃಢಪಡಿಸಿತು. 2016ರಲ್ಲಿ ಕಾಯಿದೆಯ ತಿದ್ದುಪಡಿಯ ಮೂಲಕ ಪದವಿಗೂ ಸ್ನಾತಕೋತ್ತರ ಪದವಿಗೂ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ ಜಾರಿಗೆ ಬಂದಿತು. ಇನ್ನು ಹಣದ ಆಟ ಮುಗಿಯಿತೆಂದು ಬಹುಮಂದಿ ನಂಬಿದರು.

ಆಟ ಮುಗಿಯಲಿಲ್ಲ. 2021ರ ಫೆಬ್ರುವರಿಯಲ್ಲಿ ಆದಾಯ ತೆರಿಗೆ ಇಲಾಖೆಯು ಕರ್ನಾಟಕ ಮತ್ತು ಕೇರಳದ ಐವತ್ತಕ್ಕೂ ಹೆಚ್ಚು ಸ್ಥಳಗಳಲ್ಲಿ, ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಒಂಬತ್ತು ಟ್ರಸ್ಟುಗಳ ಶೋಧ ನಡೆಸಿತು. ಲೆಕ್ಕಕ್ಕೆ ಬಾರದ 400 ಕೋಟಿ ರೂಪಾಯಿಗೂ ಹೆಚ್ಚಿನ ಕ್ಯಾಪಿಟೇಷನ್ ಹಣದ ಕುರುಹು ದೊರೆತುದಾಗಿ ಇಲಾಖೆಯೇ ಪ್ರಕಟಿಸಿತು. ಅದರ ತಂತ್ರವೂ ಬಯಲಾಯಿತು. ಉತ್ತಮ ರ‍್ಯಾಂಕ್ ಪಡೆದ ವಿದ್ಯಾರ್ಥಿಯೊಬ್ಬನು ದಲ್ಲಾಳಿಯ ಮಾತಿನಂತೆ, ಓದುವ ಉದ್ದೇಶವೇ ಇಲ್ಲದೆ ಕಾಲೇಜೊಂದರಲ್ಲಿ ಸೀಟು ಹಿಡಿಯುವನು; ಕೊನೆಯ ಗಳಿಗೆಯಲ್ಲಿ ಅದನ್ನು ಬಿಟ್ಟುಕೊಡುವನು. ಖಾಲಿ ಬಿದ್ದ ಆ ಸೀಟು ಸಂಸ್ಥೆಯ ಕೈಗೆ ಹಿಂದಿರುಗಿ, ಹಣವುಳ್ಳವನ ಮಗನಿಗೆ ಮಾರಾಟವಾಗುವುದು. ಸಾಲಿನಲ್ಲಿ ನಿಂತಿದ್ದ ಮುಂದಿನ ಅರ್ಹ ವಿದ್ಯಾರ್ಥಿಗೆ ತನ್ನ ಪಾಲು ಯಾರ ಪಾಲಾಯಿತೆಂಬುದೇ ತಿಳಿಯದು.

ಸ್ನಾತಕೋತ್ತರ ಶಿಕ್ಷಣದಲ್ಲಿ ರೋಗವು ಇನ್ನೂ ಆಳಕ್ಕೆ ಇಳಿದಿದೆ. 2014ರಲ್ಲಿ ದೇಶದಲ್ಲಿ ಎಂ.ಬಿ.ಬಿ.ಎಸ್. ಸೀಟುಗಳು ಸುಮಾರು 51 ಸಾವಿರ, ಸ್ನಾತಕೋತ್ತರ ಸೀಟುಗಳು ಸುಮಾರು 31 ಸಾವಿರ ಇದ್ದುವು. 2024ರ ವೇಳೆಗೆ ಅವು ಕ್ರಮವಾಗಿ 1 ಲಕ್ಷ 10 ಸಾವಿರವನ್ನೂ 70 ಸಾವಿರವನ್ನೂ ದಾಟಿದುವು. ಸರಕು ಹೆಚ್ಚಿದರೆ ಬೆಲೆ ಇಳಿಯಬೇಕೆಂಬುದು ಪೇಟೆಯ ನಿಯಮ. ಇಲ್ಲಿ ಹಾಗಾಗಲಿಲ್ಲ. ಕ್ಷ-ಕಿರಣ ಮತ್ತು ಸ್ಕ್ಯಾನಿಂಗ್, ಚರ್ಮರೋಗಗಳಂತಹ ಆದಾಯದ ವಿಷಯಗಳಿಗೆ ಬೇಡಿಕೆ ಮುಗಿಲಿಗೇರಿತು. ಶರೀರರಚನೆ, ಶರೀರಕ್ರಿಯೆಯಂತಹ ಮೂಲ ವಿಷಯಗಳ ಸೀಟುಗಳು ವರ್ಷ ವರ್ಷವೂ ಖಾಲಿ ಉಳಿದುವು. ಅವುಗಳನ್ನು ತುಂಬುವ ನೆಪದಲ್ಲಿ 2023ರ ಸೆಪ್ಟೆಂಬರಿನಲ್ಲಿ ಆ ವರ್ಷದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಅರ್ಹತಾ ಮಟ್ಟವನ್ನು ಎಲ್ಲ ವರ್ಗಗಳಿಗೂ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಲಾಯಿತು. ಎಂದರೆ ಪರೀಕ್ಷೆಗೆ ಕುಳಿತವರೆಲ್ಲರೂ ಅರ್ಹರು. ಅರ್ಹತೆಯ ತಳವೇ ಕಳಚಿಬಿದ್ದ ಮೇಲೆ, ದುಬಾರಿ ಸೀಟಿನ ಬಾಗಿಲಲ್ಲಿ ಆಯ್ಕೆ ಮಾಡಲು ಉಳಿಯುವ ಅಳತೆಗೋಲು ಹಣವೊಂದೇ.

ಐದು ಅತಿಚಾರಗಳು

ಶ್ರಾವಕರಿಗೆ ವಿಹಿತವಾದ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೆಸರಿಸಿದ್ದಾರೆ. ಅವೆಲ್ಲವೂ ವ್ಯಾಪಾರಿಯ ಅಂಗಡಿಗೆ ಸಂಬಂಧಿಸಿದುವೆಂದು ಭಾವಿಸುವುದು ರೂಢಿ. ಆದರೆ ಸೀಟಿನ ವ್ಯಾಪಾರಕ್ಕೆ ಅವನ್ನು ಒಂದೊಂದಾಗಿ ಹೊಂದಿಸಿ ನೋಡಿದರೆ ಮನಸ್ಸು ನಡುಗುತ್ತದೆ.

ಮೊದಲನೆಯದು ಸ್ತೇನಪ್ರಯೋಗ, ತಾನು ಕದಿಯದೆ ಕಳ್ಳನನ್ನು ಪ್ರೇರಿಸುವುದು. ದಲ್ಲಾಳಿಯನ್ನು ಮನೆಗೆ ಕರೆಸಿ ಮುಂಗಡ ಕೊಡುವ ತಂದೆ ಮಾಡುವುದು ಇದನ್ನೇ. ಎರಡನೆಯದು ತದಾಹೃತಾದಾನ, ಕದ್ದ ಮಾಲನ್ನು ಕೊಳ್ಳುವುದು. ಅರ್ಹತೆಯ ಪಟ್ಟಿಯಿಂದ ಉಪಾಯವಾಗಿ ಎಗರಿಸಿದ ಸೀಟು ಕದ್ದ ಮಾಲಲ್ಲದೆ ಮತ್ತೇನು? ಮೂರನೆಯದು ವಿರುದ್ಧರಾಜ್ಯಾತಿಕ್ರಮ, ರಾಜ್ಯದ ಕಟ್ಟಳೆಯನ್ನು ಮೀರುವುದು. ರಸೀದಿಯಿಲ್ಲದ ನಗದು, 1984ರ ಕಾಯಿದೆಯನ್ನೂ ತೆರಿಗೆಯ ಕಾಯಿದೆಯನ್ನೂ ಒಟ್ಟಿಗೆ ಮೀರುತ್ತದೆ. ನಾಲ್ಕನೆಯದು ಹೀನಾಧಿಕಮಾನೋನ್ಮಾನ, ಕೊಳ್ಳುವಾಗ ಒಂದು ತೂಕ, ಮಾರುವಾಗ ಇನ್ನೊಂದು ತೂಕ. ಬಡವನ ಮಗನಿಗೆ ಅಂಕದ ತಕ್ಕಡಿ, ಧನಿಕನ ಮಗನಿಗೆ ಹಣದ ತಕ್ಕಡಿ. ಐದನೆಯದು ಪ್ರತಿರೂಪಕವ್ಯವಹಾರ, ಅಸಲಿನ ಹೆಸರಿನಲ್ಲಿ ಕಲಬೆರಕೆಯನ್ನು ಮಾರುವುದು. ಯೋಗ್ಯತೆಯಿಂದ ಬಂದ ತಜ್ಞನ ಫಲಕವೂ ಹಣದಿಂದ ಬಂದವನ ಫಲಕವೂ ಬೀದಿಯಲ್ಲಿ ಒಂದೇ ಬಗೆಯಾಗಿ ತೂಗುತ್ತವೆ. ನಂಬಿ ಬಂದ ರೋಗಿಗೆ ವ್ಯತ್ಯಾಸ ತಿಳಿಯುವ ಬಗೆಯಿಲ್ಲ.

ತುಪ್ಪಕ್ಕೆ ಡಾಲ್ಡಾ ಬೆರೆಸಿದವನನ್ನು ಜೈನ ಸಮಾಜವು ಪಂಕ್ತಿಯಲ್ಲಿ ಗೌರವಿಸುವುದಿಲ್ಲ. ಆದರೆ ಮಗನಿಗೆ ಲಂಚದಿಂದ ಸೀಟು ಕೊಡಿಸಿದವನನ್ನು ಮಹಾವೀರ ಜಯಂತಿಯ ವೇದಿಕೆಗೆ ಕರೆದು ಶಾಲು ಹೊದಿಸುವುದುಂಟು. ಕಾಯಿದೆಯ ಕಣ್ಣು ಮುಖ್ಯವಾಗಿ ಪಡೆಯುವವನ ಮೇಲಿದೆ. ವ್ರತವು ಕೊಡುವವನನ್ನೂ ಬಿಡುವುದಿಲ್ಲ ಎಂಬುದನ್ನು ಮರೆಯಲಾಗದು.

ಬಡ್ಡಿಯನ್ನು ತೆರುವವರು ಯಾರು?

ವ್ಯಾಪಾರದ ಮನೆತನಗಳಿಗೆ ಲೆಕ್ಕದ ಭಾಷೆಯೇ ಹೆಚ್ಚು ಸುಲಭವಾಗಿ ಅರ್ಥವಾದೀತು. ಒಂದು ಸ್ನಾತಕೋತ್ತರ ಸೀಟಿಗಾಗಿ ಒಂದು ಕೋಟಿ ರೂಪಾಯಿ ಹೂಡಲಾಯಿತೆಂದು ಇಟ್ಟುಕೊಳ್ಳೋಣ. ನೂರಕ್ಕೆ ಹತ್ತರ ಬಡ್ಡಿಯಂತೆ ವರ್ಷಕ್ಕೆ ಹತ್ತು ಲಕ್ಷ; ತಿಂಗಳಿಗೆ ಎಂಬತ್ತಮೂರು ಸಾವಿರಕ್ಕೂ ಹೆಚ್ಚು. ಅಸಲು ಇನ್ನೂ ಹಾಗೆಯೇ ಇರುತ್ತದೆ. ಯಂತ್ರ, ಕಟ್ಟಡ, ನೌಕರರ ಸಂಬಳ ಇನ್ನೂ ಆರಂಭವಾಗಿಯೇ ಇಲ್ಲ. ಈ ಬಡ್ಡಿ ಎಲ್ಲಿಂದ ಬರಬೇಕು? ಅನವಶ್ಯಕವಾದ ಸ್ಕ್ಯಾನಿನಿಂದ, ತಡೆಯಬಹುದಾಗಿದ್ದ ಶಸ್ತ್ರಚಿಕಿತ್ಸೆಯಿಂದ, ಪ್ರಯೋಗಶಾಲೆಯು ಕಳುಹಿಸುವ ಕಮಿಷನ್ನಿನಿಂದ. ಎಂದರೆ ಕಂಪ್ಲಿಯ ಭತ್ತದ ಗದ್ದೆಯ ಕೂಲಿಯಿಂದ, ಸಂಡೂರಿನ ಗಣಿಯ ಲಾರಿ ಚಾಲಕನ ಹೆಂಡತಿಯ ತಾಳಿಯಿಂದ.

ಹೀಗೆ ಅಚೌರ್ಯದ ಭಂಗವು ಅಹಿಂಸೆಯ ಭಂಗದಲ್ಲಿ ಕೊನೆಗೊಳ್ಳುತ್ತದೆ. ಇರುವೆಗೆ ನೋವಾಗದಂತೆ ನೆಲವನ್ನು ನೋಡಿ ನಡೆಯುವ, ಸೂರ್ಯಾಸ್ತದ ಅನಂತರ ಊಟವನ್ನು ಬಿಟ್ಟ ಮನೆಯೊಂದರ ಹಣವು, ಬೇಡದ ಕತ್ತರಿಯನ್ನು ಮನುಷ್ಯನ ಹೊಟ್ಟೆಯ ಮೇಲೆ ಆಡಿಸುವುದಕ್ಕೆ ಬಂಡವಾಳವಾಗುವುದಾದರೆ ಆ ಮನೆಯ ಅಹಿಂಸೆಗೆ ಅರ್ಥವೇನು?

ಎರಡು ಜಿಲ್ಲೆ, ನಾಲ್ಕು ಊರು

ಈ ಭಾಗದ ಸ್ಥಿತಿಯನ್ನು ಕೊಂಚ ನೋಡಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದು ಹೊಸಪೇಟೆಯು ಅದರ ಕೇಂದ್ರವಾಯಿತು. ಹಂಪಿಯು ಅದರೊಡನೆ ಹೋಯಿತು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿದುವು. 1961ರಲ್ಲಿ ಆರಂಭವಾಗಿ, ಜನರ ಬಾಯಲ್ಲಿ ‘ವಿಮ್ಸ್’ ಎಂದೇ ಬಳಕೆಗೆ ಬಂದ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು ಬಳ್ಳಾರಿಯಲ್ಲಿ. ಹೊಸಪೇಟೆಯಿಂದ ಅಲ್ಲಿಗೆ ಸುಮಾರು 60 ಕಿಲೋಮೀಟರು. ಜಿಲ್ಲೆಯನ್ನು ಘೋಷಿಸುವುದು ಒಂದು ಅಧಿಸೂಚನೆಯ ಕೆಲಸ. ಒಬ್ಬ ತಜ್ಞ ವೈದ್ಯನನ್ನು ಸಿದ್ಧಗೊಳಿಸುವುದು ನಾಲ್ಕೂವರೆ ವರ್ಷಗಳ ಓದು, ಒಂದು ವರ್ಷದ ಇಂಟರ್ನ್‌ಶಿಪ್, ಮತ್ತೆ ಮೂರು ವರ್ಷಗಳ ಸ್ನಾತಕೋತ್ತರ ತರಬೇತಿ ಸೇರಿ ಎಂಟೂವರೆ ವರ್ಷಗಳ ಕೆಲಸ.

ಸಂಡೂರಿನ ಕಬ್ಬಿಣದ ಅದಿರು ದೇಶವಿದೇಶಗಳಿಗೆ ಹೋಯಿತು. ಧೂಳು ಮಾತ್ರ ಊರಿನಲ್ಲಿಯೇ ಉಳಿಯಿತು. ಅಕ್ರಮ ಗಣಿಗಾರಿಕೆಯು ಮಿತಿಮೀರಿದಾಗ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. 2015ರ ಕಾಯಿದೆಯ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ರೂಪುಗೊಂಡು, ಗಣಿಬಾಧಿತ ಜನರ ಹಿತಕ್ಕೆಂದು ಹಣ ಸಂಗ್ರಹವಾಗತೊಡಗಿತು. ಹಣದಿಂದ ಕಟ್ಟಡವೇಳಬಹುದು, ಯಂತ್ರ ಬರಬಹುದು. ಶ್ವಾಸಕೋಶದ ರೋಗವನ್ನು ಬಲ್ಲ ವೈದ್ಯನು, ಅರಿವಳಿಕೆ ಕೊಡಬಲ್ಲ ವೈದ್ಯನು ಹಣ ಮಂಜೂರಾದ ಮಾತ್ರಕ್ಕೆ ಬರುವುದಿಲ್ಲ. ಕೋಟಿ ಕೊಟ್ಟು ಓದಿದವನಂತೂ ಖಂಡಿತ ಬರುವುದಿಲ್ಲ. ಅವನ ಸಾಲ ಅವನನ್ನು ಬೆಂಗಳೂರಿನಲ್ಲಿ ಕಟ್ಟಿಹಾಕಿರುತ್ತದೆ. ಮಧ್ಯರಾತ್ರಿ ಹೆರಿಗೆ ಕಷ್ಟವಾದಾಗ ಕಂಪ್ಲಿಯ ಬಡ ಹೆಂಗಸು ಹೊಸಪೇಟೆಯ ಇಲ್ಲವೇ ಬಳ್ಳಾರಿಯ ದಾರಿ ಹಿಡಿಯಬೇಕಾಗುವುದು ಈ ಕಾರಣದಿಂದಲೇ.

ಸಾಮಾನ್ಯವಾಗಿ ಕೇಳಿಬರುವ ಸಮಾಧಾನಗಳು

“ಹಣ ನಮ್ಮದು, ದುಡಿದು ಗಳಿಸಿದ್ದು, ಇದರಲ್ಲಿ ಕಳವೆಲ್ಲಿ ಬಂತು?” ಎಂದು ಕೆಲವರು ಕೇಳುತ್ತಾರೆ. ಹಣ ಅವರದೇ ಇರಬಹುದು, ಸೀಟು ಅವರದಲ್ಲ. ದುಡಿದ ಹಣದಿಂದ ಕೊಂಡರೂ ಕದ್ದ ಆಭರಣ ಕದ್ದದ್ದೇ.

“ಶುಲ್ಕವಿಲ್ಲದೆ ಕಾಲೇಜು ನಡೆಯುವುದು ಹೇಗೆ?” ಎಂಬುದು ಇನ್ನೊಂದು ಮಾತು. ಇದು ನ್ಯಾಯವಾದ ಪ್ರಶ್ನೆ. ಶುಲ್ಕ ನಿಯಂತ್ರಣ ಸಮಿತಿಯು ನಿಗದಿಪಡಿಸಿದ, ರಸೀದಿಯುಳ್ಳ ಶುಲ್ಕವನ್ನು ತೆತ್ತು, ತನ್ನ ರ‍್ಯಾಂಕಿಗೆ ದೊರೆತ ಖಾಸಗಿ ಸೀಟಿನಲ್ಲಿ ಓದುವವನನ್ನು ಯಾರೂ ದೂಷಿಸಬಾರದು. ಸಂಸ್ಥೆಗೆ ಬೆಳವಣಿಗೆಗೆ ತಕ್ಕ ಮಿಗತೆ ಇರಬಹುದು, ಲಾಭಕೋರತನ ಇರಬಾರದೆಂದು ನ್ಯಾಯಾಲಯವೇ ಗೆರೆ ಎಳೆದಿದೆ. ಇಲ್ಲಿ ಖಂಡಿಸುತ್ತಿರುವುದು ರಸೀದಿಯ ಆಚೆಗಿನ ಹಣವನ್ನು. ಅರ್ಹನನ್ನು ಹಿಂದೆ ತಳ್ಳುವ ಹಣವನ್ನು.

“ಎಲ್ಲರೂ ಕೊಡುತ್ತಾರೆ, ಒಬ್ಬ ಬಿಟ್ಟರೆ ಇನ್ನೊಬ್ಬ ಕೊಳ್ಳುತ್ತಾನೆ” ಎಂಬುದು ಮೂರನೆಯ ಸಮಾಧಾನ. ಮಾಂಸಾಹಾರದ ವಿಷಯದಲ್ಲಿ ಈ ವಾದವನ್ನು ಯಾವ ಜೈನನೂ ಒಪ್ಪುವುದಿಲ್ಲ. ಊರೆಲ್ಲ ತಿಂದರೂ ತಾನು ತಿನ್ನೆನೆಂಬ ಛಲವೇ ಈ ಧರ್ಮವನ್ನು ಎರಡೂವರೆ ಸಾವಿರ ವರ್ಷ ಉಳಿಸಿದೆ. ಅಡುಗೆಮನೆಯಲ್ಲಿ ಇರುವ ಛಲ ಗಲ್ಲಾಪೆಟ್ಟಿಗೆಯ ಮುಂದೆ ಏಕೆ ಕರಗಬೇಕು?

“ಸಮಾಜವು ವರ್ಷಕ್ಕೊಮ್ಮೆ ಉಚಿತ ನೇತ್ರ ಶಿಬಿರ ನಡೆಸುತ್ತದೆಯಲ್ಲ?” ಎಂಬುದು ಕೊನೆಯ ಮಾತು. ಶಿಬಿರಗಳು ಪುಣ್ಯದ ಕೆಲಸ, ಸಂದೇಹವಿಲ್ಲ. ಆದರೆ ಮುನ್ನೂರ ಅರವತ್ತನಾಲ್ಕು ದಿನ ವೈದ್ಯವೃತ್ತಿಯ ಬುಡಕ್ಕೆ ಹುಳು ಬಿಟ್ಟು, ಒಂದು ದಿನ ಎಲೆಗೆ ನೀರು ಚಿಮುಕಿಸಿದರೆ ಗಿಡ ಬದುಕದು.

ಮರೆತ ಪರಂಪರೆ

ವೈದ್ಯವಿದ್ಯೆಯು ಜೈನರಿಗೆ ಹೊಸದಲ್ಲ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ಬಿಟ್ಟ ಚಿಕಿತ್ಸೆಯನ್ನು ಸಂಸ್ಕೃತದ ‘ಕಲ್ಯಾಣಕಾರಕ’ದಲ್ಲಿ ವಿವರಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯವನ್ನು ಕನ್ನಡಕ್ಕೆ ತಂದನು. ಕೀರ್ತಿವರ್ಮನು ‘ಗೋವೈದ್ಯ’ವನ್ನು ರಚಿಸಿ ಮೂಕಪ್ರಾಣಿಗಳ ನೋವಿಗೂ ಮದ್ದು ಹೇಳಿದನು. ವಿಜಯನಗರದ ಆರಂಭದ ದಿನಗಳಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ, ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಬರೆದನು. ರಾಜನ ಸಭೆಯ ಪಂಡಿತರಿಗಷ್ಟೇ ತಿಳಿಯುವ ಭಾಷೆಯನ್ನು ಬಿಟ್ಟು ಹಾವು ಕಡಿದ ಒಕ್ಕಲಿಗನ ಮನೆಯವರಿಗೂ ತಿಳಿಯುವ ಭಾಷೆಯಲ್ಲಿ ಬರೆದರೆಂಬುದು ಗಮನಾರ್ಹ. ವಿದ್ಯೆಯನ್ನು ಹಂಚಿದವರ ವಂಶ ಇದು; ಬೇಲಿ ಹಾಕಿ ಮಾರಿದವರದಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧದಾನವನ್ನೂ ಶಾಸ್ತ್ರದಾನವನ್ನೂ ಒಟ್ಟಿಗೆ ಮಾಡಲು ಇರುವ ದಾರಿ ಒಂದೇ. ಯೋಗ್ಯನಾದ ಬಡ ವಿದ್ಯಾರ್ಥಿಯನ್ನು ವೈದ್ಯನನ್ನಾಗಿ, ದಾದಿಯನ್ನಾಗಿ ಮಾಡುವುದು. ಅವನು ರೋಗಿಯ ಭಯವನ್ನು ಕಳೆದಾಗ ಅಭಯದಾನವೂ ಅದರೊಡನೆ ಸೇರುತ್ತದೆ.

ಟ್ರಸ್ಟುಗಳು ಮಾಡಬೇಕಾದುದೇನು?

ಬರಿಯ ಖಂಡನೆಯಿಂದ ಪ್ರಯೋಜನವಿಲ್ಲ. ಟ್ರಸ್ಟುಗಳು ತಮ್ಮ ಮುಂದಿನ ಸಭೆಯಲ್ಲಿಯೇ ಕೈಗೊಳ್ಳಬಹುದಾದ ನಿರ್ಣಯಗಳಿವೆ.

ಮೊದಲನೆಯದಾಗಿ, ವಿದ್ಯಾರ್ಥಿವೇತನವನ್ನು ಪ್ರವೇಶ ಪರೀಕ್ಷೆಯ ರ‍್ಯಾಂಕು ಮತ್ತು ಶುಲ್ಕದ ರಸೀದಿಯನ್ನು ನೋಡಿಯೇ ಕೊಡತಕ್ಕದ್ದು. ರಸೀದಿಯಿಲ್ಲದ ಹಣಕ್ಕೆ ಧರ್ಮದ ಹಣದಿಂದ ಒಂದು ಕಾಸೂ ಸೇರಕೂಡದು. ವೇದಿಕೆಯ ಸನ್ಮಾನಕ್ಕೂ ಇದೇ ನಿಯಮವಿರಲಿ.

ಎರಡನೆಯದಾಗಿ, ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾಸ್ಪತ್ರೆಯಲ್ಲಿ ಕಡ್ಡಾಯವಾಗಿ ತರಬೇತಿ ಪಡೆಯಬೇಕೆಂಬ ನಿಯಮವು 2020ರಲ್ಲಿ ಬಂದಿದೆ. ಹೊಸ ಜಿಲ್ಲೆಗಳಿಗೆ ಇದೊಂದು ವರ. ಹೀಗೆ ಬರುವ ಯುವ ವೈದ್ಯರಿಗೆ, ಅದರಲ್ಲೂ ವೈದ್ಯೆಯರಿಗೆ, ಸುರಕ್ಷಿತ ವಸತಿ ಮತ್ತು ಹೊತ್ತಿಗೆ ಊಟ ಬೇಕು. 2024ರ ಆಗಸ್ಟಿನಲ್ಲಿ ಕೊಲ್ಕತ್ತದ ಸರ್ಕಾರಿ ಆಸ್ಪತ್ರೆಯಲ್ಲಿ ದೀರ್ಘ ಪಾಳಿಯ ನಡುವೆ ವಿಶ್ರಮಿಸಿಕೊಳ್ಳುತ್ತಿದ್ದ ಸ್ನಾತಕೋತ್ತರ ವೈದ್ಯೆಯೊಬ್ಬಳ ಅತ್ಯಾಚಾರ ಮತ್ತು ಕೊಲೆ ನಡೆದ ಮೇಲೆ ಇದರ ಮಹತ್ತ್ವವನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಯಾತ್ರೆಯ ದಿನಗಳ ಹೊರತು ಖಾಲಿ ಇರುವ ಧರ್ಮಶಾಲೆಯ ನಾಲ್ಕು ಕೊಠಡಿಗಳು ಇದಕ್ಕೆ ಸಾಕು.

ಮೂರನೆಯದಾಗಿ, ರಾಷ್ಟ್ರೀಯ ಪರೀಕ್ಷಾ ಮಂಡಳಿಯು 2020ರಲ್ಲಿ ಎಂಟು ವಿಷಯಗಳಲ್ಲಿ ಎರಡು ವರ್ಷಗಳ ಸ್ನಾತಕೋತ್ತರ ಡಿಪ್ಲೊಮಾಗಳನ್ನು ಆರಂಭಿಸಿತು. ಕನಿಷ್ಠ 100 ಹಾಸಿಗೆಗಳ ಆಸ್ಪತ್ರೆಗಳಲ್ಲಿಯೇ ಈ ತರಬೇತಿ ನಡೆಯಬಲ್ಲದು. ಅರಿವಳಿಕೆ, ಪ್ರಸೂತಿ, ಮಕ್ಕಳ ರೋಗ, ಕ್ಷಯ ಮತ್ತು ಎದೆರೋಗ ಇವೆಲ್ಲ ಅದರಲ್ಲಿ ಸೇರಿವೆ. ಸಂಡೂರಿನ ಧೂಳಿಗೂ ಕಂಪ್ಲಿಯ ಬಾಣಂತಿಗೂ ಬೇಕಾದ ವಿಷಯಗಳು ಇವೇ. ಈ ಭಾಗದ ಆಸ್ಪತ್ರೆಗಳಿಗೆ ಇಂತಹ ತರಬೇತಿಯ ಮಾನ್ಯತೆ ಬರುವಂತೆ ಟ್ರಸ್ಟುಗಳು ಒಟ್ಟಾಗಿ ಸರ್ಕಾರವನ್ನು ಒತ್ತಾಯಿಸಲಿ. ಗ್ರಂಥಾಲಯ, ಉಪಕರಣಗಳ ಕೊರತೆಯನ್ನು ತಾವು ತುಂಬಲಿ.

ನಾಲ್ಕನೆಯದಾಗಿ, ಒಬ್ಬ ಧನಿಕನ ಮಗನ ಸೀಟಿಗೆ ಸುರಿಯುವ ಹಣದಲ್ಲಿ ಹಲವು ಬಡ ಹೆಣ್ಣುಮಕ್ಕಳು ನರ್ಸಿಂಗ್ ಓದಬಹುದು. ಹಲವು ಹುಡುಗರು ಪ್ರಯೋಗಶಾಲೆಯ ತಂತ್ರಜ್ಞರಾಗಬಹುದು. ಜಾತಿಮತ ನೋಡದೆ ಇವರಿಗೆ ನೆರವಾಗುವ ನಿಧಿಯೊಂದು ಪ್ರತಿ ಊರಿನಲ್ಲಿ ಇರಲಿ. ಇವರು ಊರನ್ನು ಬಿಟ್ಟು ಹೋಗುವವರಲ್ಲ.

ಕೊನೆಯದಾಗಿ, 2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತರೆಂದು ಘೋಷಿಸಿತು. ಸಂಸ್ಥೆಗಳನ್ನು ಕಟ್ಟುವ ಹಕ್ಕು ಇದರಿಂದ ಬಲಗೊಂಡಿದೆ. ಈ ಹಕ್ಕನ್ನು ಸೀಟು ಮಾರುವ ಪರವಾನಗಿಯೆಂದು ಯಾರಾದರೂ ಬಗೆದರೆ ಸಮಾಜವೇ ಮೊದಲು ಎದ್ದು ನಿಂತು ವಿರೋಧಿಸಬೇಕು.

ಹಂಪಿಗೆ ಹೋದವರು ಕಂಪ್ಲಿಯ ರಸ್ತೆಯ ಬದಿಯಲ್ಲಿ ಒಂದು ಸರಳವಾದ ಬಸದಿಯನ್ನು ಕಂಡಿರಬಹುದು. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು 1385ರಲ್ಲಿ ಕುಂಥು ಜಿನನಾಥನಿಗಾಗಿ ಅದನ್ನು ಕಟ್ಟಿಸಿದನೆಂದು ಮುಂದಿನ ದೀಪಸ್ತಂಭದ ಶಾಸನವು ತಿಳಿಸುತ್ತದೆ. ಕಟ್ಟಿಸಿದವನು ದೊಡ್ಡ ಅಧಿಕಾರಿ. ಆದರೆ ಜನ ಅದನ್ನು ಕರೆಯುವುದು ‘ಗಾಣಗಿತ್ತಿ ಬಸದಿ’ ಎಂದು. ಎಣ್ಣೆ ಗಾಣದ ಹೆಂಗಸಿನ ಹೆಸರು ನಿಂತಿತು, ದಂಡನಾಯಕನ ಹೆಸರು ಕಲ್ಲಿನಲ್ಲಿ ಉಳಿಯಿತು. ಗೋಡೆಗೆ ಅಮೃತಶಿಲೆಯ ಫಲಕ ಹಾಕಿಸುವ ಉತ್ಸಾಹದಲ್ಲಿರುವ ಟ್ರಸ್ಟುಗಳು ಇದನ್ನು ಯೋಚಿಸಬೇಕು. ಮುಂದಿನ ಪರ್ಯೂಷಣ ಅಥವಾ ದಶಲಕ್ಷಣ ಪರ್ವದಲ್ಲಿ ಕ್ಷಮಾಪಣೆ ಕೇಳಲು ಕೈ ಮುಗಿಯುವ ಪ್ರತಿಯೊಬ್ಬ ಗೃಹಸ್ಥನೂ, ತನ್ನ ಮನೆಯ ಸೀಟಿನಿಂದಾಗಿ ಮನೆಗೆ ಹಿಂದಿರುಗಿದ ಆ ಹೆಸರರಿಯದ ಅರ್ಹ ವಿದ್ಯಾರ್ಥಿಯ ಕ್ಷಮೆಯನ್ನೂ ಕೇಳಬೇಕಾಗಿದೆ. ಅಂತಹ ಕ್ಷಮೆಯನ್ನು ಕೇಳುವ ಪ್ರಮೇಯವೇ ಬಾರದಂತೆ ನಡೆದುಕೊಳ್ಳುವುದು ಅದಕ್ಕಿಂತ ಮೇಲು.